ಕೊನೆಯಲ್ಲಿ ಬಿದ್ದುಹೋದ ‘ಸಬೇಡಿ’

ಜುಲೈ ತಿಂಗಳ ಒಂದು ಬೆಳಿಗ್ಗೆ. ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಫೋನ್ ಎತ್ತಿದರೆ ಆ ಕಡೆ ಶಿರಸಿ ಹತ್ತಿರದ ಹಳ್ಳಿಯ ಒಬ್ಬ ಹಿರಿಯರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೇಜಾರಿತ್ತು.

“ತಮ್ಮಾ, ಔಷಧಿ ಹೊಡೀರಿ ಅಂತ ನೀವೇ ಕಳ್ಸಿದ್ರಲ್ಲ. ನಿನ್ನೆ ಕೊನೆಗಾರನ್ನ ಕರೆಸಿ ಹೊಡೆಸಿದೆ. ರಾತ್ರಿ ಬಂದ ಮಳೆಗೆ ಎಲ್ಲಾ ತೊಳೆದು ಹೋಯ್ತು.”

“ಇಲ್ಲ ಯಜಮಾನ್ರೇ, ಹೊಡೀಬೇಡಿ ಅಂತ ಕಳ್ಸಿದ್ದು ನಾನು.”

“ಓದ್ತೇನೆ ಕೇಳಿ” ಅಂದರು. ಒಂದೊಂದೇ ಪದ ಬಿಡಿಸಿ ಓದಿದರು. “ಮುಂದಿನ ಎರಡು ದಿನ ಭಾರಿ ಮಳೆಯ ಸಾಧ್ಯತೆ ಇರುವುದರಿಂದ ಅಡಿಕೆ ತೋಟಕ್ಕೆ ಔಷಧಿ ಸಿಂಪಡಿ. ಅಷ್ಟೇ ಇರೋದು. ಮಳೆ ಜೋರಾಗೋಕ್ಕೆ ಮೊದಲೇ ಹೊಡೆದು ಮುಗಿಸಿ ಅಂತಿದ್ದೀರಿ, ಕೊನೇಲಿ ಒಂದು ‘ಸಿ’ ಬಿಟ್ಟುಹೋಗಿದೆ ಅಂದ್ಕೊಂಡೆ.”

ನನಗೆ ಮಾತೇ ಹೊರಡಲಿಲ್ಲ. ನಾನು ಬರೆದದ್ದು ‘ಸಿಂಪಡಿಸಬೇಡಿ’. ಅವರಿಗೆ ತಲುಪಿದ್ದು ‘ಸಿಂಪಡಿ’. ದಾರಿಯಲ್ಲಿ ‘ಸಬೇಡಿ’ ಬಿದ್ದುಹೋಗಿತ್ತು. ಬೇಡ ಅಂದದ್ದು ಮಾಡಿ ಅಂತ ಆಗಿತ್ತು.

ಮಲೆನಾಡಿನವರಿಗೆ ಇದರ ಬೆಲೆ ಗೊತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೊಡೆದದ್ದು ಗೊನೆಯ ಮೇಲೆ ಒಣಗಿ ಅಂಟಿಕೊಳ್ಳಬೇಕು. ಅದಕ್ಕೆ ಮಳೆ ಸ್ವಲ್ಪ ಬಿಡುವು ಕೊಡಬೇಕು. ಆ ಬಿಡುವಿಗೆ ಕಾದು, ಮರ ಹತ್ತುವ ಕೊನೆಗಾರನನ್ನು ಹೊಂದಿಸಿ, ಕೂಲಿ ಕೊಟ್ಟು ಹೊಡೆಸಿದ್ದು ಒಂದೇ ರಾತ್ರಿಗೆ ನೀರುಪಾಲಾದರೆ ನಷ್ಟ ಸಣ್ಣದಲ್ಲ.

ಆಗ ನಾನು ರೈತರಿಗೆ ಮೊಬೈಲ್ ಸಂದೇಶ ಬರೆಯುವ ಕೆಲಸದಲ್ಲಿದ್ದೆ. ಹವಾಮಾನದ ಮುನ್ಸೂಚನೆ ನೋಡಿ, ಬೆಳೆ ತಜ್ಞರನ್ನು ಕೇಳಿ, ಎರಡು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಕಳಿಸಬೇಕು. ಬರೆಯುವ ಪರದೆಯ ಮೂಲೆಯಲ್ಲಿ ಒಂದು ಲೆಕ್ಕ ಓಡುತ್ತಿತ್ತು. ಆ ದಿನ ಅದು ‘75/160’ ಎಂದು ತೋರಿಸಿತ್ತು. ಇನ್ನೂ ಅರ್ಧಕ್ಕಿಂತ ಜಾಸ್ತಿ ಜಾಗ ಇದೆಯಲ್ಲ ಅಂತ ಕಳಿಸಿದೆ. 160 ಅನ್ನುವುದು ಇಂಗ್ಲಿಷಿನ ಲೆಕ್ಕ, ಕನ್ನಡಕ್ಕೆ ಅದು 70 ಅಂತ ನನಗೆ ಯಾರೂ ಹೇಳಿರಲಿಲ್ಲ. ಒಂದು ಸಂದೇಶಕ್ಕೆ ಎರಡರ ಬಿಲ್ ಬರಬಾರದು ಅಂತ 70 ದಾಟಿದ್ದನ್ನು ಕತ್ತರಿಸುವ ಹಾಗೆ ಆ ವ್ಯವಸ್ಥೆಯಲ್ಲಿ ಮೊದಲೇ ಹೊಂದಿಸಿದ್ದರು. ಅದೂ ನನಗೆ ಗೊತ್ತಿರಲಿಲ್ಲ. 75ರಲ್ಲಿ 70 ಮಾತ್ರ ತಲುಪಿತು. ಉಳಿದ ಐದೇ ‘ಸಬೇಡಿ’. ಗುಡಿಸು, ಏತ್ವವನ್ನೂ ಯಂತ್ರ ಬೇರೆಯಾಗಿ ಎಣಿಸುತ್ತದೆ.

ಅಲ್ಲಿಂದ ಈ ಲೆಕ್ಕದ ಬೆನ್ನು ಹತ್ತಿದೆ.

160 ಎಲ್ಲಿಂದ ಬಂತು? ಮೊಬೈಲ್ ಸಂದೇಶದ ನಿಯಮಗಳನ್ನು ರೂಪಿಸಿದವರಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಜರ್ಮನ್ ಎಂಜಿನಿಯರ್ ಒಬ್ಬರು. 1985ರಲ್ಲಿ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು, ತೋಚಿದ ವಾಕ್ಯ, ಪ್ರಶ್ನೆಗಳನ್ನೆಲ್ಲ ಹೊಡೆದು ಅಕ್ಷರ ಎಣಿಸಿದರು. ಹೆಚ್ಚಿನವು ಒಂದೆರಡು ಸಾಲಿನಲ್ಲಿ, 160ರ ಒಳಗೇ ಮುಗಿದವು. ಜನ ಪೋಸ್ಟ್‌ಕಾರ್ಡಿನಲ್ಲಿ, ತಂತಿಯ ಮೇಲೆ ಬರಹ ಕಳಿಸುವ ಟೆಲೆಕ್ಸಿನಲ್ಲಿ ಎಷ್ಟು ಬರೆಯುತ್ತಾರೆ ಅಂತಲೂ ನೋಡಿದರು. ಇಷ್ಟು ಸಾಕು ಅನ್ನಿಸಿತು. ಆ ಟೈಪ್‌ರೈಟರ್ ರೋಮನ್ ಲಿಪಿಯದು. ನಮ್ಮ ಒತ್ತು, ದೀರ್ಘ ಆ ಲೆಕ್ಕದೊಳಗೆ ಬರುವ ಮಾತೇ ಇರಲಿಲ್ಲ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊದಲ ಸಂದೇಶ ಹೋಯಿತು, ಕ್ರಿಸ್‌ಮಸ್ ಶುಭಾಶಯದ ಎರಡು ಪದ.

ಒಂದು ಸಂದೇಶಕ್ಕೆ ಸಿಗುವ ಜಾಗ 140 ಬೈಟ್. ಅಂದರೆ 1,120 ಬಿಟ್ (ಬಿಟ್ ಅಂದರೆ ಯಂತ್ರ ಜಾಗ ಅಳೆಯುವ ಅತಿ ಸಣ್ಣ ಅಳತೆ, ಎಂಟು ಸೇರಿದರೆ ಒಂದು ಬೈಟ್). ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ ಸಾಕು. ಭಾಗಿಸಿದರೆ 160. ಕನ್ನಡದ ಒಂದೊಂದು ಗುರುತಿಗೂ 16 ಬಿಟ್ ಬೇಕು. ಭಾಗಿಸಿದರೆ 70. ಉದ್ದದ ಸಂದೇಶವನ್ನು ತುಂಡು ಮಾಡಿ ಕಳಿಸಿದರೆ, ತುಂಡುಗಳನ್ನು ಮತ್ತೆ ಜೋಡಿಸುವ ಗುರುತಿಗೆ ಮೂರು ಜಾಗ ಹೋಗಿ ಒಂದೊಂದರಲ್ಲಿ 67 ಮಾತ್ರ ಉಳಿಯುತ್ತದೆ. ಇಂಗ್ಲಿಷ್ ಸಂದೇಶದ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಸಾಕು, ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. ಮುಂದೆ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಿಗೆ 7 ಬಿಟ್‌ನ ಬೇರೆ ಅಕ್ಷರಪಟ್ಟಿಗಳನ್ನೇ ಮಾಡಿದರು. ಅವು ಹೆಚ್ಚಾಗಿ ಬಳಕೆಗೆ ಬರಲಿಲ್ಲ.

ನಾವು ಎಷ್ಟೋ ವರ್ಷ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆವಲ್ಲ, ಅದಕ್ಕೆ ಫೋನಿನಲ್ಲಿ ಕನ್ನಡ ಅಕ್ಷರ ಇಲ್ಲದ್ದು ಒಂದು ಕಾರಣ. ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ‘ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡ್ತೀನಿ’ ಅನ್ನುವುದು ಕನ್ನಡದಲ್ಲಿ 31. ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಹೆಚ್ಚು ಕಡಿಮೆ ಅಷ್ಟೇ. ಮಾತು ಉದ್ದವಾಗಲಿಲ್ಲ, ಜಾಗ ಮಾತ್ರ ಅರ್ಧಕ್ಕಿಂತ ಕಡಿಮೆ ಸಿಕ್ಕಿತು. ಒಂದೊಂದು ಮೆಸೇಜಿಗೂ ದುಡ್ಡು ಕೊಡುತ್ತಿದ್ದ ದಿನಗಳಲ್ಲಿ ಯಾರು ತಾನೇ ಕನ್ನಡ ಲಿಪಿಯಲ್ಲಿ ಬರೆದಾರು? ಆ ರೂಢಿ ಇವತ್ತಿಗೂ ಬಿಟ್ಟಿಲ್ಲ.

ಇನ್ನು ನಮ್ಮ ಅಕ್ಷರದ ಲೆಕ್ಕವೇ ಬೇರೆ, ಯಂತ್ರದ ಲೆಕ್ಕವೇ ಬೇರೆ. ನನ್ನ ಆ ಸಂದೇಶವನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ಬೆರಳು ಮಡಚಿ ಎಣಿಸಿದರೆ 37 ಅಕ್ಷರ, ನಡುವೆ 10 ಖಾಲಿ ಜಾಗ. ಒಟ್ಟು 47. ಯಂತ್ರ ಎಣಿಸಿದ್ದು 75. ಯಾಕೆಂದರೆ ಯಂತ್ರಗಳು ಎಲ್ಲ ಭಾಷೆಯ ಅಕ್ಷರಕ್ಕೂ ಬಳಸುವ ಸಂಕೇತಪಟ್ಟಿಯಾದ ಯುನಿಕೋಡಿನಲ್ಲಿ ಗುಡಿಸು, ಕೊಂಬು, ಏತ್ವ, ಸೊನ್ನೆ ಎಲ್ಲವೂ ಒಂದೊಂದು ಬೇರೆ ಗುರುತು. ಒತ್ತಕ್ಷರ ಬಂತೆಂದರೆ ಆ ಅಕ್ಷರಕ್ಕೆ ಒಂದು, ಅದನ್ನು ಜೋಡಿಸುವ ಅರ್ಧಾಕ್ಷರದ ಗುರುತಿಗೆ ಇನ್ನೊಂದು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಫೋನಿನಲ್ಲಿ ‘ಸ್ತ್ರೀ’ ಎಂದು ಬರೆಯಿರಿ. ನೋಡಲು ಒಂದೇ ಅಕ್ಷರ. ಈಗ ಅಳಿಸುತ್ತಾ ಹೋಗಿ. ನನ್ನ ಫೋನಿನಲ್ಲಿ ಮೊದಲ ಸಲ ಒತ್ತಿದರೆ ದೀರ್ಘ ಹೋಗಿ ‘ಸ್ತ್ರ’ ಆಗುತ್ತದೆ. ಆಮೇಲೆ ‘ಸ್ತ್’. ಆಮೇಲೆ ‘ಸ್ತ’. ಆಮೇಲೆ ‘ಸ್’. ಆಮೇಲೆ ‘ಸ’. ಆರನೇ ಸಲಕ್ಕೆ ಅದೂ ಹೋಗುತ್ತದೆ. ಬಾಯಲ್ಲಿ ಒಂದೇ ಉಸಿರಿಗೆ ಬರುವ ಅಕ್ಷರ ಯಂತ್ರದ ಒಳಗೆ ಆರು ತುಂಡಾಗಿ ಕೂತಿರುತ್ತದೆ. ಕತ್ತರಿ ಯಾವ ತುಂಡಿನ ಮೇಲೆ ಬೇಕಾದರೂ ಬೀಳಬಹುದು.

2006ರಲ್ಲಿ ಶುರುವಾದ ಟ್ವಿಟರ್ (ಈಗಿನ ಎಕ್ಸ್) 140ರ ಮಿತಿ ಇಟ್ಟುಕೊಂಡದ್ದು ಈ ಮೊಬೈಲ್ ಸಂದೇಶದ ಲೆಕ್ಕದಿಂದಲೇ. 160ರಲ್ಲಿ 20ನ್ನು ಬರೆದವರ ಹೆಸರಿಗೆ ಬಿಟ್ಟರು. 2017ರ ನವೆಂಬರಿನಲ್ಲಿ ಅದು 280 ಆಯಿತು. ಚೀನಿ, ಜಪಾನಿ, ಕೊರಿಯನ್ ಭಾಷೆಗೆ 140ನ್ನೇ ಉಳಿಸಿದರು, ಅವರು ಒಂದೆರಡು ಅಕ್ಷರದಲ್ಲಿ ಜಾಸ್ತಿ ಹೇಳಬಲ್ಲರು ಅಂತ. ಕನ್ನಡಕ್ಕೆ ಪೂರ್ತಿ 280 ಇದೆ, ಆದರೆ ಗುಡಿಸು, ಕೊಂಬು, ಒತ್ತು ಎಲ್ಲವನ್ನೂ ಎಣಿಸಿ. ಕೊಂಡಿ (ಲಿಂಕ್) ಎಷ್ಟೇ ಉದ್ದವಿರಲಿ, ಅದಕ್ಕೆ 23. ಟ್ವಿಟರಿನಂಥದ್ದೇ ಇನ್ನೊಂದು ತಾಣ ಬ್ಲೂಸ್ಕೈನಲ್ಲಿ ಮಿತಿ 300, ಆದರೆ ಅಲ್ಲಿ ‘ಕಿ’ ಅಂದರೆ ಒಂದೇ. ಕಾಗುಣಿತಕ್ಕೆ ಬೇರೆ ಸುಂಕ ಇಲ್ಲ. ನಮ್ಮ ಲಿಪಿಯ ಮಟ್ಟಿಗೆ ಇದೇ ನ್ಯಾಯವಾದ ಎಣಿಕೆ ಅಂತ ನನ್ನ ಅಭಿಪ್ರಾಯ. 300 ಅಂತ ಹೇಳಿ ಹೆಚ್ಚು ಕಡಿಮೆ 300 ಕೊಟ್ಟ ಹಾಗಾಗುತ್ತದೆ.

ಎಣಿಕೆ ನಮಗೆ ಹೊಸದಲ್ಲ. ಕಂದ ಪದ್ಯಕ್ಕೆ 12, 20, 12, 20, ಒಟ್ಟು 64 ಮಾತ್ರೆ. ಭಾಮಿನಿ ಷಟ್ಪದಿಗೆ 102. ಅಲ್ಲೂ ಒತ್ತಕ್ಷರಕ್ಕೆ ತೂಕ ಇದೆ. ‘ಕಲ್ಲು’ ಅಂದರೆ ಒತ್ತಿನ ಹಿಂದಿನ ‘ಕ’ ಗುರುವಾಗುತ್ತದೆ. ಆದರೆ ಆ ಎಣಿಕೆ ಕಿವಿಯದು. ಸಾಲು ಮುಗಿಯಿತು ಅಂತ ಕಿವಿಗೆ ಗೊತ್ತಾಗುತ್ತದೆ, ಹೇಳುವವನಿಗೂ ಕೇಳುವವನಿಗೂ ಒಟ್ಟಿಗೇ. ಫೋನಿನ ಎಣಿಕೆ ಯಾರ ಕಿವಿಗೂ ಕೇಳುವುದಿಲ್ಲ. ನಾನು ‘ಬೇಡಿ’ ಅಂತ ಮುಗಿಸಿದ್ದೆ, ಅವರಿಗೆ ‘ಸಿಂಪಡಿ’ಯಲ್ಲಿ ಮುಗಿದಿತ್ತು. ಇಬ್ಬರಿಗೂ ಗೊತ್ತಾಗಲಿಲ್ಲ.

ಆ ಫೋನ್ ಬಂದ ಮೇಲೆ ವಾರಗಟ್ಟಲೆ ತಲೆಯಲ್ಲಿ ಸುತ್ತಿದ್ದು ಒಂದೇ ವಿಷಯ. ಕನ್ನಡದಲ್ಲಿ ಮಾತಿನ ಜೀವ ಇರುವುದು ಕೊನೆಯಲ್ಲಿ. ಹೌದೋ ಅಲ್ಲವೋ, ಬೇಕೋ ಬೇಡವೋ, ಆಯಿತೋ ಇಲ್ಲವೋ, ಹೇಳಿದ್ದೋ ಕೇಳಿದ್ದೋ, ಎಲ್ಲ ಗೊತ್ತಾಗುವುದು ಕೊನೆಯ ಪದದಲ್ಲಿ. ಆ ಪದದಲ್ಲೂ ಕೊನೆಯ ಒಂದೆರಡು ಅಕ್ಷರದಲ್ಲಿ. ಮಿತಿ ಕತ್ತರಿಸುವುದೂ ಅಲ್ಲೇ. ಇಂಗ್ಲಿಷಿನಲ್ಲಿ ಬೇಡ ಅನ್ನುವ ಪದ ಮೊದಲೇ ಬಂದುಬಿಡುತ್ತದೆ. ಅವರ ವಾಕ್ಯದ ಬಾಲ ಕತ್ತರಿಸಿದರೆ ಹೆಚ್ಚೆಂದರೆ ವಿವರ ಹೋಗುತ್ತದೆ. ನಮ್ಮದರ ಬಾಲ ಕತ್ತರಿಸಿದರೆ ಅರ್ಥವೇ ತಿರುಗಿಬಿಡುತ್ತದೆ.

ಈಗ ಮೆಸೇಜಿನ ಕಾಲ ಮುಗಿಯಿತು, ವಾಟ್ಸ್‌ಆ್ಯಪ್‌ನಲ್ಲಿ ಎಷ್ಟು ಬೇಕಾದರೂ ಬರೆಯಬಹುದಲ್ಲ ಅನ್ನಬಹುದು. ಬರೆಯಬಹುದು. ಆದರೆ ಲಾಕ್ ಆದ ಫೋನಿನ ಪರದೆ ಮೇಲೆ ಸಾಮಾನ್ಯವಾಗಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ, ಆಮೇಲೆ ಮೂರು ಚುಕ್ಕಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಸಂಜೆಯಾದರೆ ಒಂದೇ ಪ್ರಶ್ನೆ: ನಾಳೆ ಶಾಲೆಗೆ ರಜೆಯಾ? ‘ಮಳೆ ಕಡಿಮೆಯಾಗಿರುವ ಹಿನ್ನೆಲೆಯಲ್ಲಿ ತಾಲ್ಲೂಕಿನ ಎಲ್ಲ ಶಾಲೆಗಳಿಗೆ ನಾಳೆ ರಜೆ ಇರುವುದಿಲ್ಲ’ ಅಂತ ಬರೆದರೆ ಪರದೆ ಮೇಲಿನ ಮಾತು ‘…ಎಲ್ಲ ಶಾಲೆಗಳಿಗೆ ನಾಳೆ ರಜೆ…’ ಅನ್ನುವಲ್ಲಿಗೇ ನಿಂತುಬಿಡಬಹುದು. ನಮ್ಮ ಅಕ್ಕನ ಮನೆಯಲ್ಲಿ ಒಂದು ಸಲ ಹೀಗೇ ಆಗಿ ಮಕ್ಕಳು ಎಂಟು ಗಂಟೆಯವರೆಗೂ ಮಲಗಿದ್ದರು. ‘ನಾಳೆ ಶಾಲೆ ಇದೆ’ ಅಂತ ಶುರು ಮಾಡಿದ್ದರೆ ಮೂರೇ ಪದ. ಕಾರಣ ಆಮೇಲೆ ಹೇಳಬಹುದಿತ್ತು.

ಹಳೆಯ ಕಾಲದ ಕಾಗದಗಳು ನೆನಪಾಗುತ್ತವೆ. ‘ಇತ್ತ ನಾವೆಲ್ಲರೂ ಕ್ಷೇಮ’ ಅಂತ ಮೊದಲ ಸಾಲಿನಲ್ಲೇ ಬರೆಯುತ್ತಿದ್ದರು. ಅದನ್ನು ನಾನು ಸುಮ್ನೆ ರೂಢಿ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅಂಚೆಯವನು ಕಾಗದ ತಂದ ಅಂದರೆ ಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಆ ಎದೆಗೆ ಮೊದಲು ಉತ್ತರ ಕೊಟ್ಟು, ಆಮೇಲೆ ಗದ್ದೆ, ದನ, ಮದುವೆ ಮಾತು. ನಮ್ಮಜ್ಜ ಕಾರ್ಡು ತುಂಬಿದ ಮೇಲೂ ಬಿಡುತ್ತಿರಲಿಲ್ಲ, ಕಾರ್ಡನ್ನು ಅಡ್ಡ ತಿರುಗಿಸಿ ಅಂಚಿನ ಉದ್ದಕ್ಕೂ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು. ಅಂಚಿನಲ್ಲಿ ಬರೆದದ್ದು ಉಜ್ಜಿ ಹೋದರೂ ಕ್ಷೇಮಸಮಾಚಾರಕ್ಕೆ ಏನೂ ಆಗುತ್ತಿರಲಿಲ್ಲ. ಅದು ಮೇಲೆ ಭದ್ರವಾಗಿ ಕೂತಿರುತ್ತಿತ್ತು.

ಹಾಗಾಗಿ ಆ ಸಂದೇಶವನ್ನು ತಿರುಗಿಸಿ ಬರೆದೆ. ‘ಅಡಿಕೆಗೆ ಔಷಧಿ ಹೊಡೆಯಬೇಡಿ. ಎರಡು ದಿನ ಜೋರು ಮಳೆ ಬರಬಹುದು.’ ಎಣಿಸಿದರೆ 50. ಒಂದು ಉದ್ದ ವಾಕ್ಯದ ಜಾಗದಲ್ಲಿ ಎರಡು ಚಿಕ್ಕ ವಾಕ್ಯ. ಇನ್ನೂ 20 ಉಳಿಯಿತು. ಆಗ ತೋಚಿತು, ಸಂದೇಶವನ್ನು ರೈತ ಯಾವತ್ತು ನೋಡುತ್ತಾನೋ? ಗುಡ್ಡದ ಈಚೆ ಸಿಗ್ನಲ್ ಸಿಕ್ಕಾಗ ಮೆಸೇಜ್ ಬರುವ ಊರು ಅವು. ‘ಎರಡು ದಿನ’ ಅಂದರೆ ಯಾವ ಎರಡು ದಿನ? ಅದನ್ನು ತೆಗೆದು ವಾರದ ಹೆಸರು ಹಾಕಿದೆ: ‘ಅಡಿಕೆಗೆ ಔಷಧಿ ಹೊಡೆಯಬೇಡಿ. ಗುರುವಾರ, ಶುಕ್ರವಾರ ಜೋರು ಮಳೆ ಬರಬಹುದು.’ ಆಗಲೂ 59. ಮೊದಲು ಬರೆದದ್ದಕ್ಕಿಂತ ಚಿಕ್ಕದು, ಆದರೆ ಅದಕ್ಕಿಂತ ಜಾಸ್ತಿ ವಿಷಯ ಹೇಳುತ್ತದೆ.

ಉಳಿತಾಯ ಎಲ್ಲಿ ಆಯಿತು ಅಂತ ನೋಡಿದೆ. ‘ಸಾಧ್ಯತೆ ಇರುವುದರಿಂದ’ ಅನ್ನುವುದಕ್ಕೇ 18 ಹೋಗಿತ್ತು. ‘ಬರಬಹುದು’ ಅಂದರೆ 7. ಮಳೆ ಬಂದೇ ಬರುತ್ತದೆ ಅಂತ ನಾವು ಹೇಳುವ ಹಾಗಿಲ್ಲ, ಅದು ಮುನ್ಸೂಚನೆ ಮಾತ್ರ. ‘ಬರುತ್ತದೆ’ ಅಂತ ಬರೆದಿದ್ದರೆ 8 ಆಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಒಂದು ಜಾಗ ಉಳಿಯಿತು. ಇದನ್ನು ಕಂಡ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

‘ಸಿಂಪಡಿಸಿ’ ಅನ್ನುವ ಪದವನ್ನು ನಾನು ಯಾವ ತೋಟದಲ್ಲೂ ಕೇಳಿಲ್ಲ. ಎಲ್ಲರೂ ಔಷಧಿ ಹೊಡೆಯುವವರೇ. ಕಚೇರಿಯ ಕನ್ನಡ ನನ್ನ ಕೈಗೆ ಅಂಟಿತ್ತು ಅಷ್ಟೇ. ಸಾಮಾನ್ಯವಾಗಿ ಆಡುಮಾತು ಹಗುರ. ‘ಸ್ವಾತಂತ್ರ್ಯ’ ಮೂರೇ ಅಕ್ಷರ, ಯಂತ್ರಕ್ಕೆ 11. ‘ಬಿಡುಗಡೆ’ ನಾಲ್ಕು ಅಕ್ಷರ, ಯಂತ್ರಕ್ಕೆ 7. ಪ್ರಾರಂಭ 7, ಶುರು 4. ಹಾಗಂತ ಇದನ್ನೇ ನಿಯಮ ಮಾಡಿಕೊಂಡರೆ ತಪ್ಪಾಗುತ್ತದೆ. ‘ಮದ್ದು’ 5, ‘ಔಷಧಿ’ 4. ‘ಹೊತ್ತು’ 6, ‘ಕಾಲ’ 3. ಅಚ್ಚಗನ್ನಡದಲ್ಲಿ ಒತ್ತು ಬರುವ ಕಡೆ ಅದೂ ತೂಕವೇ. ನಾನು ನೋಡುವುದು ಒಂದೇ: ಓದುವವರ ಬಾಯಲ್ಲಿ ಇರುವ ಪದ ಯಾವುದು? ಅದನ್ನು ಹಾಕಿದ ಮೇಲೆ ಎಣಿಸುತ್ತೇನೆ. ಎಣಿಸಿ ಆಮೇಲೆ ಪದ ಹುಡುಕಿದರೆ ಯಾರೂ ಆಡದ ಭಾಷೆ ಹುಟ್ಟುತ್ತದೆ.

ಉಳಿಸಲು ಹೋಗಿ ಕಳೆಯುವುದೂ ಇದೆ. ಒಮ್ಮೆ ಒಂದು ಸಂದೇಶ 71ಕ್ಕೆ ಬಂದು ನಿಂತಿತ್ತು. ಒಂದೇ ಒಂದು ತೆಗೆಯಬೇಕು. ಜೊತೆಗಿದ್ದ ಗೆಳೆಯ “ಹೊಡೆಯಬೇಡಿ ಅನ್ನೋದನ್ನ ಹೊಡೆಯಬೇಡ ಅಂತ ಮಾಡು, ಸರಿಹೋಗುತ್ತೆ” ಅಂದ. ಲೆಕ್ಕ ಸರಿಯೇ. ‘ಡಿ’ಯಲ್ಲಿರುವ ಆ ಗುಡಿಸು ಒಂದು ಜಾಗ. ಆದರೆ ಕನ್ನಡದಲ್ಲಿ ಮರ್ಯಾದೆ ಇರುವುದೇ ಆ ಗುಡಿಸಿನಲ್ಲಿ. ಎಪ್ಪತ್ತು ವರ್ಷದ ಯಜಮಾನರಿಗೆ, ಮುಖ ನೋಡದ ನಾನು, ‘ಹೊಡೆಯಬೇಡ’ ಅಂತ ಹೇಳುವುದೇ? ಅವತ್ತು ಇಡೀ ಸಂದೇಶ ಅಳಿಸಿ ಮತ್ತೆ ಬರೆದೆ. ಅರ್ಧ ಗಂಟೆ ಹಿಡಿಯಿತು. ಆ ಗುಡಿಸನ್ನು ನಾನು ಯಾವತ್ತೂ ತೆಗೆದಿಲ್ಲ, ತೆಗೆಯಲು ಬಿಟ್ಟೂ ಇಲ್ಲ.

ಮಿತಿಗೆ ಸಿಕ್ಕಿಸಲು ದೀರ್ಘ ತೆಗೆಯುವುದು, ಪದಗಳ ನಡುವಿನ ಜಾಗ ನುಂಗುವುದು, ‘ಮಾ. ಜಿ. ಅ.’ ಅಂತ ಚುಕ್ಕಿ ಹಾಕಿ ಮೊಟಕು ಮಾಡುವುದು, ಇವೂ ನನಗೆ ಒಗ್ಗುವುದಿಲ್ಲ. ಬರೆದವರಿಗೆ ಉಳಿದ ಎರಡು ಜಾಗ ಓದುವವರಿಗೆ ಎರಡು ನಿಮಿಷದ ಒದ್ದಾಟ. ಅದರ ಬದಲು ವಿಷಯವನ್ನೇ ಒಂದು ಕಡಿಮೆ ಮಾಡಿ. ಎರಡು ವಿಷಯ ಹೇಳಲೇಬೇಕಿದ್ದರೆ ಎರಡು ಸಲ ಹೇಳಿ. ಎಕ್ಸ್‌ನಲ್ಲಿ ಸರಣಿಯಾಗಿ ಬರೆಯುವಾಗಲೂ ಅಷ್ಟೇ, ಯಾವ ತುಂಡು ಯಾರ ಕೈಗೆ ಒಂಟಿಯಾಗಿ ಸಿಗುತ್ತದೋ ಹೇಳಲಾಗದು. ‘ಆದರೆ ಇದು ಸುಳ್ಳು’ ಅನ್ನುವ ಮಾತು ಎರಡನೇ ತುಂಡಿಗೆ ಹೋಯಿತೆಂದರೆ, ಮೊದಲನೆಯದು ಮಾತ್ರ ಊರೆಲ್ಲ ತಿರುಗುತ್ತದೆ.

ನಮ್ಮ ಭಾಷೆಗೆ ಚಿಕ್ಕದರಲ್ಲಿ ದೊಡ್ಡದು ಹೇಳುವ ಶಕ್ತಿ ಇದ್ದೇ ಇದೆ. ‘ಬರಲೇಬೇಕಂತೆ’. ಎಣಿಸಿದರೆ 10. ಅದರೊಳಗೆ ಬರುವುದು ಇದೆ, ತಪ್ಪಿಸಿಕೊಳ್ಳುವ ಹಾಗಿಲ್ಲ ಅನ್ನುವುದು ಇದೆ, ಹೇಳಿದ್ದು ನಾನಲ್ಲ ಬೇರೆಯವರು ಅನ್ನುವುದೂ ಇದೆ. ಇಂಥ ಪದ ಕೈಯಲ್ಲಿರುವಾಗ 70 ನನಗೆ ಈಗ ಇಕ್ಕಟ್ಟು ಅನ್ನಿಸುವುದಿಲ್ಲ. ಆದರೆ ಇಂಗ್ಲಿಷಿಗೆ 160 ಕೊಟ್ಟು ನಮಗೆ 70 ಕೊಟ್ಟದ್ದು ಸರಿ ಅಂತಲೂ ಅನ್ನುವುದಿಲ್ಲ. ಕನ್ನಡಕ್ಕೆ ಅಂತ ಬರೆಯುವ ಪೆಟ್ಟಿಗೆ ಮಾಡುವವರು ಕನ್ನಡದ ಎಣಿಕೆ ತೋರಿಸಲಿ, ಕತ್ತರಿಸುವ ಮುಂಚೆ ಹೇಳಲಿ. ಅಷ್ಟಾದರೂ ಬೇಡವಾ?

ಆ ಹಿರಿಯರಿಗೆ ಮರುದಿನ ನಾನೇ ಫೋನ್ ಮಾಡಿ ಎಲ್ಲ ವಿವರಿಸಿದೆ, ಕ್ಷಮೆ ಕೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಹಂಗಾದ್ರೆ ಬೇಡ ಅನ್ನೋದನ್ನ ಮೊದ್ಲೇ ಹೇಳಿಬಿಡಿ ತಮ್ಮಾ” ಅಂದರು. ಆಮೇಲೆ ವಾರಗಟ್ಟಲೆ ನಾನು ತಲೆ ಕೆಡಿಸಿಕೊಂಡು ಹುಡುಕಿದ್ದು ಕೊನೆಗೆ ಅವರ ಆ ಒಂದು ಮಾತಿಗೇ ಬಂದು ನಿಂತಿತು.

ನಾನು ಆ ಕೆಲಸ ಬಿಡುವ ಮುಂಚೆ ಹೊಸದಾಗಿ ಸೇರಿದ ಹುಡುಗಿಗೆ ಒಂದು ವಾರ ಜೊತೆಗೆ ಕೂತು ಹೇಳಿಕೊಟ್ಟೆ. ಅಭ್ಯಾಸಕ್ಕೆ ಅಂತ ಆ 59ರ ಸಂದೇಶವನ್ನೇ ಕೊಟ್ಟೆ. ಎಣಿಸಿದಳು. “ಇನ್ನೂ 11 ಉಳೀತದೆ ಸರ್, ಏನು ಹಾಕ್ಲಿ?” ಅಂದಳು. ಏನೂ ಬೇಡಮ್ಮ, ಖಾಲಿ ಬಿಡು ಅಂದೆ. ಸ್ವಲ್ಪ ಹೊತ್ತು ಪರದೆ ನೋಡುತ್ತಾ ಕೂತಳು. ಆಮೇಲೆ ಕೊನೆಯಲ್ಲಿ, ಪೂರ್ಣವಿರಾಮ ಆದ ಮೇಲೆ, ‘ನಮಸ್ಕಾರ.’ ಅಂತ ಸೇರಿಸಿದಳು. ಕತ್ತರಿಸಿ ಹೋದರೂ ಮಳೆಯ ಸುದ್ದಿಗೆ ತೊಂದರೆಯಿಲ್ಲದ ಜಾಗ ಅದು. 68 ಆಯಿತು. ಹಾಗೇ ಕಳಿಸಿದೆವು.